ಸ್ಟಾಕ್ ಇಲ್ಲ

“ಸ್ಟಾಕ್ ಇಲ್ಲ,” ಎಂದ ಮೆಡಿಕಲ್ ಅಂಗಡಿಯವನು, ತಲೆ ಕೂಡ ಎತ್ತದೆ.

ಅವಳು ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡಳು. ನಲವತ್ತೈದು ದಾಟಿದ ಹೆಂಗಸು ಬಸಿರು ನಿಲ್ಲದಂತೆ ಮಾಡುವ ಮಾತ್ರೆ ಕೇಳಿದರೆ ಜನ ಏನಂದುಕೊಳ್ಳುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತು. ಇಂಥ ಮಾತ್ರೆಯನ್ನು ಅವಳು ಎಂದೂ ಹೊಸ್ತಿಲೊಳಗೆ ಬಿಟ್ಟುಕೊಂಡವಳಲ್ಲ. ಹಾಗಂತ ಗಂಡನ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು. ಆದರೂ ಸುಳ್ಳಿಗೊಂದು ಮರ್ಯಾದೆ ಬೇಡವೇ? ಇಲ್ಲ ಅನ್ನುವವನು ಹುಡುಕಿದ ಹಾಗಾದರೂ ಮಾಡಬೇಕು.

ಮುಂದಿನ ಬೀದಿಯ ಅಂಗಡಿಯ ಮುದುಕ ಹುಡುಕಿದ. ಎರಡು ಡ್ರಾಯರ್ ಎಳೆದ, ಮೂರನೆಯದನ್ನು ಮುಟ್ಟಲಿಲ್ಲ.

“ಛೆ, ಈಗಷ್ಟೇ ಮುಗೀತಮ್ಮ. ನಂಬರ್ ಬರೆದು ಹೋಗಿ, ಬಂದ ತಕ್ಷಣ ಫೋನ್ ಮಾಡ್ತೀನಿ.”

ಮೂಲೆ ಮಡಿಸಿದ ನೋಟ್‌ಬುಕ್ ಮುಂದೆ ಬಂತು. ಅಂಥ ನೋಟ್‌ಬುಕ್ಕಿನಿಂದ ಯಾರಿಗೂ ಫೋನ್ ಹೋಗುವುದಿಲ್ಲ. ಅವಳು ಬರೆಯದೆ ಮೆಟ್ಟಿಲಿಳಿದಳು.

ಗಂಡನ ಫೋನು.

“ಎಲ್ಲಿದೀಯೇ?”

“ಹಲ್ಲಿನ ಡಾಕ್ಟ್ರ ಹತ್ರ.”

“ಯಾವಾಗಿಂದ ನೋವು?”

“ನಿನ್ನೆ ಸಂಜೆಯಿಂದ.”

“ನಂಗೆ ಹೇಳ್ಲೇ ಇಲ್ಲ?”

“ಹೇಳ್ಕೊಳ್ಳೋ ಅಂಥದ್ದಲ್ಲ, ಬಿಡ್ರೀ.”

ನಿನ್ನೆ ಸಂಜೆ ಆದದ್ದು ಎರಡೇ ನಿಮಿಷದಲ್ಲಿ. ಆಗ ತಪ್ಪು ಅನ್ನಿಸಿರಲಿಲ್ಲ. ಒಳಗೊಳಗೇ ಖುಷಿಯೂ ಆಗಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ಮಾತ್ರ ಕನ್ನಡಿ ನೋಡಲಾಗಲಿಲ್ಲ. ಗಂಟೆಗಳನ್ನು ಬೆರಳಲ್ಲಿ ಎಣಿಸಿದಳು. ಮತ್ತೆ ಎಣಿಸಿದಳು.

ಬಸ್ ನಿಲ್ದಾಣದ ಹಿಂದಿನ ಅಂಗಡಿಯಲ್ಲಿ ಚೂಯಿಂಗ್ ಗಮ್ ಜಗಿಯುತ್ತಿದ್ದ ಹುಡುಗಿ ಕೈಚಾಚಿ ಡಬ್ಬಿ ತೆಗೆದಳು, ಕೆಮ್ಮಿನ ಔಷಧಿ ಕೊಟ್ಟಷ್ಟೇ ಸಲೀಸಾಗಿ.

“ಯಾವಾಗ ಆಗಿದ್ದು?”

“ಮೊನ್ನೆ ರಾತ್ರಿ.”

“ಹಾಗಾದ್ರೆ ಮನೆಗೆ ಹೋಗೋವರೆಗೂ ಕಾಯ್ಬೇಡಿ. ತಡ ಆದಷ್ಟೂ ಇದ್ರ ಕೆಲಸ ಕಮ್ಮಿ. ಎರಡು ಮೂರು ಗಂಟೆ ಒಳಗೆ ವಾಂತಿ ಆಯ್ತೂಂದ್ರೆ ಮತ್ತೆ ಬನ್ನಿ. ನೀರು ಕೊಡ್ಲಾ?”

“ಬೇಡಮ್ಮ.” ಅವಳು ಮೊದಲು ಎಕ್ಸ್‌ಪೈರಿ ನೋಡಿದಳು, ಆಮೇಲೆ ಪರ್ಸು ತೆಗೆದಳು.

“ಗಂಡಸ್ರಿಗೆ ಈ ಅಂಗಡಿ ದಾರೀನೇ ಗೊತ್ತಿಲ್ಲ ನೋಡಿ,” ಹುಡುಗಿ ನಕ್ಕಳು. “ಬರೋದೆಲ್ಲ ಹೆಂಗಸ್ರೇ, ಕಳ್ಳರ ಹಾಗೆ.”

ಅವಳಿಗೆ ನಗು ಬರಲಿಲ್ಲ. ರಸ್ತೆಗಿಳಿದು ಪರ್ಸಿನಿಂದ ಹರಿದ ಹಾಳೆಯೊಂದನ್ನು ಬಿಡಿಸಿದಳು. ಅವಸರದ ಅಕ್ಷರದಲ್ಲಿ ಒಂದು ನಂಬರ್. ಒತ್ತಿದಳು.

“ನಾನೇ... ಮನೇಲಿ ಬೇರೆ ಯಾರಾದ್ರೂ ಇದಾರಾ? ಸರಿ, ವಿಳಾಸ ಹೇಳು. ಹತ್ತು ನಿಮಿಷ, ಬಂದೆ.”

ಎರಡನೇ ಮಹಡಿ. ಅವಳು ಹಿಂದೆ ಮುಂದೆ ನೋಡಿ ಮೆಟ್ಟಿಲು ಹತ್ತಿದಳು. ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಇಪ್ಪತ್ತರ ಹುಡುಗಿ, ಅತ್ತು ಊದಿಕೊಂಡ ಕಣ್ಣು. ಅವಳು ಮಾತ್ರೆಯನ್ನು ಮುಂದೆ ಹಿಡಿದಳು.

“ನಿಮ್ಮಂಗಡೀಗೆ ಸ್ಟಾಕ್ ಬಂತಾ ಆಂಟಿ?” ಎಂದಳು ಹುಡುಗಿ. “ಊರಲ್ಲಿ ಬೇರೆಲ್ಲೂ ಸಿಗಲ್ಲ, ಬಂದ ತಕ್ಷಣ ಫೋನ್ ಮಾಡ್ತೀನಿ ಅಂದ್ರಲ್ಲ ನಿನ್ನೆ ಸಂಜೆ, ಅದಕ್ಕೇ ನಾನು ಇನ್ಯಾವ ಅಂಗಡಿಗೂ ಹೋಗ್ಲಿಲ್ಲ.”