ಒಂದು ಗಂಟೆ ತಡವಾದ ಕಾಫಿ

ಅರಸೀಕೆರೆಯ ಆ ಮನೆಯಲ್ಲಿ ಈಗಲೂ ಬೆಳಗ್ಗೆ ಐದೂವರೆಗೆ ಸುಕನ್ಯಾಗೆ ತಾನಾಗಿಯೇ ಎಚ್ಚರವಾಗುತ್ತದೆ…

ಎದ್ದು ಥೈರಾಯ್ಡ್ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗುತ್ತಾಳೆ. ಅಡುಗೆಮನೆಯ ಹಳೇ ಟೈಂಪೀಸ್ ಆರೂವರೆ ತೋರಿಸುವವರೆಗೆ ಕಾಫಿಯ ಹತ್ತಿರ ಸುಳಿಯುವುದಿಲ್ಲ.

ಆ ಒಂದು ಗಂಟೆ ಅವಳಿಗೆ ಅತ್ತೆ ಜಯಶೀಲಮ್ಮ ಬಿಟ್ಟುಹೋದ ಆಸ್ತಿ.

ಹನ್ನೊಂದು ವರ್ಷದ ಹಿಂದೆ ಹೀಗಿರಲಿಲ್ಲ…

ಆಗ ಐದೂವರೆಗೆ ಅತ್ತೆಯೇ ಬಂದು ಎಬ್ಬಿಸುತ್ತಿದ್ದರು. ಒಂದು ಕೈಯಲ್ಲಿ ನೊರೆ ಉಕ್ಕುವ ಕಾಫಿ, ಇನ್ನೊಂದು ಕೈಯಲ್ಲಿ ಮಾತ್ರೆ.

"ಏಳಮ್ಮ ಸುಕನ್ಯಾ, ಬಿಸಿ ಇದ್ದಾಗ್ಲೇ ನುಂಗ್ಬಿಡು."

ಮಗಳು ಇಂಪನ ಹುಟ್ಟಿದ ಮೇಲೆ ಸುಕನ್ಯಾಳ ಥೈರಾಯ್ಡ್ ಕೆಲಸ ಕಮ್ಮಿಯಾಗಿದೆ ಎಂದು ಗೊತ್ತಾಗಿತ್ತು. ಅಂದಿನಿಂದ ಮಾತ್ರೆಯ ಜವಾಬ್ದಾರಿ ಅತ್ತೆಯದೇ. ಒಂದು ದಿನವೂ ತಪ್ಪಿಸಿದವರಲ್ಲ!

ಆಮೇಲೆ ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದರು. ಸ್ಟೇಷನ್ನಿನಿಂದ ಬೆಳಗಿನ ರೈಲು ಕೂಗಿದರೂ ಮಾತು ಮುಗಿಯುತ್ತಿರಲಿಲ್ಲ. ಎಂಥ ಬೆಳಗುಗಳು ಅವು…

ಇಂಪನಗೆ ಐದು ತುಂಬಿದ ವರ್ಷ ಸುಕನ್ಯಾ ಮತ್ತೆ ಬಸಿರಾದಳು. ಮೂರನೇ ತಿಂಗಳಲ್ಲಿ ಮಗು ಉಳಿಯಲಿಲ್ಲ.

ವರ್ಷ ಕಳೆಯಿತು. ಇನ್ನೊಂದು ಮಗು ಬೇಕೆಂಬ ಆಸೆ… ಮತ್ತೆ ಹಾಗೇ ಆದರೆ ಎಂಬ ಭಯ. ಈ ಸಲ ಮೊದಲೇ ರಕ್ತ ಪರೀಕ್ಷೆ ಮಾಡಿಸಿದಳು. ಥೈರಾಯ್ಡ್ ಸಾಲದಿದ್ದರೆ ಏರುವ ಟಿಎಸ್‌ಎಚ್ 4.1 ಎಂದು ಬಂತು.

ಗಂಡ ಪರಮೇಶ ರಿಪೋರ್ಟ್ ಮೇಲೆ ಕಣ್ಣಾಡಿಸಿ, "ದಪ್ಪ ಅಕ್ಷರದಲ್ಲಿ ಏನೂ ಇಲ್ಲ ಕಣೆ. ಎಲ್ಲಾ ನಾರ್ಮಲ್," ಎಂದುಬಿಟ್ಟ.

ಹೆಚ್ಚುಕಮ್ಮಿ ಬಂದದ್ದನ್ನು ಲ್ಯಾಬಿನವರು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಆ ಮನೆಯಲ್ಲಿ ರಿಪೋರ್ಟ್ ಓದುವ ವಿದ್ಯೆ ಇಷ್ಟೇ. ದಪ್ಪ ಅಕ್ಷರ ಇದ್ದರೆ ಡಾಕ್ಟರ ಹತ್ತಿರ, ಇಲ್ಲದಿದ್ದರೆ ನೇರ ಬೀರುವಿಗೆ!

ಆದರೂ ಮನಸ್ಸು ತಡೆಯದೆ ಅತ್ತೆ, ಸೊಸೆ ಇಬ್ಬರೂ ಬಸ್ ಹತ್ತಿ ಹಾಸನದ ಲೇಡಿ ಡಾಕ್ಟರ್ ಹತ್ತಿರ ಹೋದರು.

"ಇಲ್ಲಿ ನಾರ್ಮಲ್ ಅಂತ ಪ್ರಿಂಟ್ ಆಗಿರೋದು ಎಲ್ಲರಿಗೂ ಹಾಕೋ ಲೆಕ್ಕ," ಎಂದರು ಡಾಕ್ಟರ್. "ನೀವು ಮಾತ್ರೆ ತಗೊಳ್ತಿರೋರು, ಇನ್ನೊಂದು ಮಗು ಬೇಕು ಅಂತಿರೋರು. ನಿಮಗೆ ಇದು ಎರಡೂವರೆ ಒಳಗಿದ್ರೆ ಒಳ್ಳೇದು. ಮಗುವಿಗೆ ಮೊದಲ ತಿಂಗಳುಗಳಲ್ಲಿ ಬೇಕಾದ ಥೈರಾಯ್ಡ್ ಹಾರ್ಮೋನ್ ತಾಯಿಯಿಂದಲೇ ಹೋಗ್ಬೇಕು… ಮಾತ್ರೆ ಹೇಗೆ ತಗೊಳ್ತಿದೀರಿ?"

ಸುಕನ್ಯಾ ಬಾಯಿ ತೆರೆಯುವ ಮೊದಲೇ ಅತ್ತೆ ಹೆಮ್ಮೆಯಿಂದ ಹೇಳಿದರು. "ಬೆಳಗ್ಗೆ ಎದ್ದ ತಕ್ಷಣ, ಬಿಸಿಬಿಸಿ ಕಾಫಿ ಜೊತೆ ನಾನೇ ಕೊಡ್ತೀನಿ ಡಾಕ್ಟ್ರೇ. ಒಂದಿನಾನೂ ತಪ್ಸಿಲ್ಲ!"

ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಅಮ್ಮಾ… ಕಾಫಿ ಜೊತೆ ತಗೊಂಡ್ರೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ. ಬರೀ ನೀರಲ್ಲಿ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ ಕುಡೀಬೇಕು. ಐರನ್, ಕ್ಯಾಲ್ಸಿಯಂ ಮಾತ್ರೆಗಳಿಗಂತೂ ನಾಲ್ಕು ಗಂಟೆ ಅಂತರ ಇರ್ಲಿ. ಆರು ವಾರ ಹೀಗೆ ಮಾಡಿ ಮತ್ತೆ ಟೆಸ್ಟ್ ಮಾಡಿಸಿ. ಬೇಕಿದ್ರೆ ಡೋಸ್ ಹೆಚ್ಚು ಮಾಡೋಣ."

ಅತ್ತೆಯ ಮುಖ ಬಿಳಿಚಿಕೊಂಡಿತು. "ಹಂಗಾದ್ರೆ… ಹೋದ ವರ್ಷ ಆ ಮಗು…"

"ಅದು ಇದರಿಂದಲೇ ಹೋಯ್ತು ಅಂತ ಯಾರೂ ಹೇಳೋಕಾಗಲ್ಲಮ್ಮ. ಎಷ್ಟೋ ಸಲ ಕಾರಣವೇ ಗೊತ್ತಾಗಲ್ಲ. ಅದನ್ನ ಮನಸ್ಸಿಗೆ ಹಚ್ಕೋಬೇಡಿ."

ಅತ್ತೆ ಹಚ್ಚಿಕೊಂಡೇಬಿಟ್ಟರು. ಬಸ್ಸಿನಲ್ಲಿ ಊರು ಹತ್ತಿರ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಐದೂವರೆಗೆ ಎಬ್ಬಿಸಲು ಯಾರೂ ಬರಲಿಲ್ಲ…

ತಲೆದಿಂಬಿನ ಪಕ್ಕ ಒಂದು ಲೋಟ ನೀರು, ಮಾತ್ರೆ ಇತ್ತು. ಸುಕನ್ಯಾ ನುಂಗಿದಳು. ಇನ್ನು ಅತ್ತೆ ನನ್ನ ಜೊತೆ ಕೂತು ಕಾಫಿ ಕುಡಿಯುವುದಿಲ್ಲವೇನೋ ಎಂದುಕೊಂಡಳು.

ಮೆಲ್ಲಗೆ ಅಡುಗೆಮನೆಗೆ ಹೋದಳು.

ಅತ್ತೆ ಟೈಂಪೀಸ್ ಮುಂದಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಡಿಕಾಕ್ಷನ್ ಇಳಿದಿತ್ತು, ಹಾಲು ಕಾದಿತ್ತು. ಪಕ್ಕದಲ್ಲಿ ಎರಡು ಖಾಲಿ ಲೋಟ.

"ಅತ್ತೆ, ನೀವು ಕುಡಿಬೋದಲ್ಲ? ಮಾತ್ರೆ ನುಂಗೋಳು ನಾನು ತಾನೇ? ಬೆಳಗ್ಗೆ ಕಾಫಿ ಇಲ್ದಿದ್ರೆ ನಿಮಗೆ ತಲೆನೋವು ಬರುತ್ತೆ."

"ಬರ್ಲಿ ಬಿಡು. ಇಷ್ಟು ವರ್ಷ ಗೊತ್ತಿಲ್ದೆ ಕೊಟ್ಟೆ ಕಣಮ್ಮ… ಇನ್ಮೇಲೆ ಗೊತ್ತಿದ್ದು ಕಾಯ್ತೀನಿ. ನೀನು ಕುಡಿಯೋವರ್ಗೂ ನನ್ ಗಂಟ್ಲಲ್ಲಿ ಇಳಿಯಲ್ಲ."

ನಲವತ್ತು ವರ್ಷ ಐದೂವರೆಯ ಕಾಫಿ ತಪ್ಪಿಸದ ಹೆಂಗಸು!

ಸುಕನ್ಯಾ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. "ನೀವು ಪ್ರೀತಿಯಿಂದ ಕೊಟ್ರಿ ಅತ್ತೆ. ಕೇಳ್ಬೇಕಾಗಿದ್ದೋಳು ನಾನು, ಕೇಳ್ಲಿಲ್ಲ."

ಆರು ವಾರದ ನಂತರ ರಿಪೋರ್ಟ್ ಬಂತು. 1.9. ಅದರಲ್ಲೂ ದಪ್ಪ ಅಕ್ಷರ ಇರಲಿಲ್ಲ. ಆದರೆ ಈ ಸಲ ಅದು ಬೀರುವಿಗೆ ಹೋಗಲಿಲ್ಲ, ಡಾಕ್ಟರ ಹತ್ತಿರವೇ ಹೋಯಿತು. ಬಸಿರು ಎಂದು ಗೊತ್ತಾದ ದಿನವೇ ಮತ್ತೆ ಓಡಿದರು. ಡಾಕ್ಟರ್ ಡೋಸ್ ಹೆಚ್ಚು ಮಾಡಿ, ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸಲು ಹೇಳಿದರು. ಒಂಬತ್ತು ತಿಂಗಳೂ ಅಡುಗೆಮನೆಯಲ್ಲಿ ಟೈಂಪೀಸ್ ಮುಂದೆ ಎರಡು ಖಾಲಿ ಲೋಟಗಳು ಕಾದವು.

ಮಗ ಚಿರಂತ್ ಹುಟ್ಟಿದ.

ಆಮೇಲೂ ಅತ್ತೆ ಕಾಯುವುದನ್ನು ಬಿಡಲಿಲ್ಲ, ತೀರಿಕೊಳ್ಳುವ ಹಿಂದಿನ ಬೆಳಗ್ಗೆಯವರೆಗೂ…

ಮೊನ್ನೆ ಒಂಬತ್ತು ವರ್ಷದ ಚಿರಂತ್ ಕಣ್ಣುಜ್ಜಿಕೊಂಡು ಅಡುಗೆಮನೆಗೆ ಬಂದ.

"ಅಮ್ಮ, ಇಷ್ಟೊತ್ತಿಗೆ ಕಾಫಿ ಕುಡಿಯೋದು ನೀನೊಬ್ಳೇ. ದಿನಾ ಯಾಕೆ ಎರಡು ಲೋಟ ಇಡ್ತೀಯ?"

ಸುಕನ್ಯಾ ಅವನನ್ನು ಹತ್ತಿರ ಎಳೆದುಕೊಂಡಳು. "ನೀನು ಬರೋಕೆ ಮುಂಚೆನೇ ನಿನಗೋಸ್ಕರ ಒಬ್ರು ಇಲ್ಲಿ ಕಾಯ್ತಾ ಕೂತಿದ್ರು ಪುಟ್ಟ. ಅವರ ಲೋಟ ಅದು."

ಅವನು ಟೈಂಪೀಸ್ ನೋಡಿದ. ಆರೂವರೆಗೆ ಇನ್ನೂ ಹತ್ತು ನಿಮಿಷ ಇತ್ತು. ಅಮ್ಮನ ಪಕ್ಕ ಕೂತು ಅವನೂ ಕಾಯತೊಡಗಿದ.

❖

ಪ್ರೀತಿಯಿಂದ ಮಾಡಿದರೆ ಸಾಲದು, ಕೇಳಿ ತಿಳಿದು ಮಾಡಬೇಕು… ತಿಳಿದ ಮೇಲೆ ಜೊತೆಗೆ ಕೂತು ಕಾಯಬೇಕು.

ನಿಮ್ಮ ಮನೆಯ ಬೀರುವಿನಲ್ಲೂ "ನಾರ್ಮಲ್" ಅಂತ ಮಡಚಿಟ್ಟ ರಿಪೋರ್ಟ್ ಒಂದಿದೆಯೇ? ಅದರ ಬಗ್ಗೆ ನಿಮ್ಮವರಿಗಾಗಿ ಡಾಕ್ಟರ ಹತ್ತಿರ ಇನ್ನೊಮ್ಮೆ ಕೇಳಿದ್ದೀರಾ?