ಒಗ್ಗರಣೆಯಿಲ್ಲದ ಸಾರು

ಮೌನ ಶಿಬಿರ ಮುಗಿಸಿ ಅವನು ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಕೈಯಲ್ಲಿ ಶಿಬಿರದವರು ಕೊಟ್ಟ ಪುಸ್ತಕ, ಜೇಬಿನಲ್ಲಿ ಇನ್ನೂ ಆನ್ ಮಾಡದ ಮೊಬೈಲ್.

"ರೀ, ಒಂದು ವಿಷಯ..." ಎಂದಳು ಹೆಂಡತಿ.

"ಊಟ ಆಗ್ಲಿ. ಉಣ್ಣೋವಾಗ ಮನಸ್ಸು ತಿಳಿಯಾಗಿರ್ಬೇಕು, ಇದ್ರಲ್ಲೇ ಬರ್ದಿದಾರೆ," ಎಂದು ಅವನು ಪುಸ್ತಕದ ಮೇಲೆ ತಟ್ಟಿದ.

ಅವಳು ತಟ್ಟೆ ಹಾಕಿ ಅನ್ನ, ಬೇಳೆಸಾರು, ಬೇಯಿಸಿದ ಹೀರೇಕಾಯಿ ಬಡಿಸಿದಳು. ಮೊದಲ ತುತ್ತಿಗೇ ಅವನ ಮುಖ ಅರಳಿತು.

"ಒಗ್ಗರಣೆನೇ ಹಾಕಿಲ್ವಲ್ಲ!"

"ಇಲ್ಲ."

"ಎಣ್ಣೆ ಬಿಡು, ಎಣ್ಣೆ ಬಿಡು ಅಂತ ಎಷ್ಟು ಬಡ್ಕೊಂಡಿದ್ದೆ. ಈಗ್ಲಾದ್ರೂ ಬುದ್ಧಿ ಬಂತು."

ಅವಳು ಇನ್ನೊಂದು ಸೌಟು ಸಾರು ಬಡಿಸಿದಳು. ಅವನು ಕಣ್ಣು ಮುಚ್ಚಿ, ನಿಧಾನವಾಗಿ ಅಗಿದು ಉಂಡ.

"ಫೋನಿಲ್ದೆ ಎಷ್ಟು ಹಾಯಾಗಿತ್ತು ಗೊತ್ತಾ? ಯಾರ ಗೋಳೂ ಇಲ್ಲ."

"ಶಿಬಿರದ ಆಫೀಸಿಗೆ ಫೋನ್ ಮಾಡಿದ್ದೆ. ಮೌನ ಮುಗಿಯೋವರೆಗೂ ಯಾವ ಸುದ್ದೀನೂ ತಲುಪಿಸಲ್ಲ ಅಂದ್ರು."

"ನೋಡು, ಅದು ಶಿಸ್ತು ಅಂದ್ರೆ!"

ಸಾರು ಒಂದು ತೊಟ್ಟೂ ಬಿಡದೆ ಉಂಡು ಅವನು ಎದ್ದು ಕೈ ತೊಳೆದ.

"ಇನ್ಮೇಲೆ ದಿನಾ ಹೀಗೇ ಮಾಡು. ಅದೇನೋ ವಿಷಯ ಅಂದ್ಯಲ್ಲ?"

ಅವಳು ಟವೆಲ್ ಕೊಟ್ಟಳು. ಅವನು ಕೈ ಒರೆಸಿಕೊಳ್ಳುವವರೆಗೂ ಕಾದಳು.

"ಮೊನ್ನೆ ನಿಮ್ಮಮ್ಮ ಹೋಗ್ಬಿಟ್ರು. ನಿಮಗೆ ಕಾದೂ ಕಾದೂ, ನಿನ್ನೆ ನಿಮ್ಮ ತಮ್ಮನೇ ಕೊಳ್ಳಿ ಇಟ್ಟ. ಸೂತಕ ಕಳೆಯೋವರೆಗೂ ಒಗ್ಗರಣೆ ಹಾಕೋ ಹಾಗಿಲ್ಲ."