ಹತ್ತು ನಿಮಿಷದ ಆಟ

“ಓಹೋ, ಗೊಂಬೆಗೆ ಹೋಂವರ್ಕ್ ಕೊಟ್ಟಿದ್ದೀಯ!” ಎಂದಳು ಅಮಿತಾ, ಆರು ವರ್ಷದ ಮಗಳು ಹರ್ಷಿಣಿಯ ಎದುರು ನೆಲದ ಮೇಲೆ ಕೂತು. ಆಟ ಮಗುವಿನದು. ಅಮ್ಮ ತಿದ್ದಬಾರದು, ಕಂಡದ್ದನ್ನು ಕಂಡ ಹಾಗೆ ಬಾಯಿಬಿಟ್ಟು ಹೇಳುತ್ತಾ ಹೋಗಬೇಕು. ದಿನಕ್ಕೆ ಹತ್ತು ನಿಮಿಷ ಹೀಗೆ ಆಡಿದರೆ ಮನೆಯಲ್ಲಿ ಹೊಡೆತ, ಬೈಗುಳ ಕಡಿಮೆಯಾಗುವುದನ್ನು ಎಷ್ಟೋ ಕಡೆ ಪರೀಕ್ಷಿಸಿ ನೋಡಿದ್ದಾರಂತೆ. ಇದನ್ನು ಕಲಿಸಲು ಲೋಧಿ ಕಾಲೋನಿಯ ಆ ಕ್ವಾರ್ಟರ್ಸಿಗೆ ಬಂದಿದ್ದ ಕೌನ್ಸೆಲರ್ ಪದ್ಮಾ ಸೋಫಾದಲ್ಲಿ ಕೂತಿದ್ದರು. “ನಮ್ಮನೇಲಿ ಹೊಡೆಯೋದೆಲ್ಲ ಇಲ್ಲ ಮೇಡಂ, ಸ್ಕೂಲಿನವರು ಹೇಳಿದ್ರು ಅಂತ ಕರೆಸಿದ್ದು ಅಷ್ಟೇ,” ಎಂದು ಅಮಿತಾ ಬಾಗಿಲಲ್ಲೇ ನಕ್ಕು ಹೇಳಿದ್ದಳು.

“ಫಿರ್ ಸೇ ಗಲತ್!” ಮತ್ತೆ ತಪ್ಪು ಮಾಡಿದೆಯೆಂದು ಹರ್ಷಿಣಿ ಗೊಂಬೆಯನ್ನು ಹಿಂದಿಯಲ್ಲಿ ಗದರಿಸಿ, ಅಡುಗೆಮನೆಯಿಂದ ಲಟ್ಟಣಿಗೆ ತಂದಳು. ಅದನ್ನು ಎತ್ತುವ ಮೊದಲು ಕಿಟಕಿ ಮುಚ್ಚಿದಳು. ಆಮೇಲೆ ರಿಮೋಟ್ ಹುಡುಕಿ ಟಿವಿ ಹಾಕಿ, ಸೌಂಡ್ ಏರಿಸುತ್ತಲೇ ಹೋದಳು.

“ಮಮ್ಮಿ, ಬೋಲೋ ನಾ, ಹೇಳು! ನಾನು ಏನ್ ಮಾಡ್ತಾ ಇದೀನಿ?” ಮಗಳು ಲಟ್ಟಣಿಗೆ ಹಿಡಿದು ಕಾದಳು.

“ಟಿವಿ ಜೋರು ಮಾಡ್ತಾ ಇದೀಯ, ಪುಟ್ಟಿ,” ಎಂದಳು ಅಮಿತಾ. ಆಮೇಲೆ ಪದ್ಮಾ ಅವರತ್ತ ತಿರುಗಿದಳು. “ಅಳೋದು ಪಕ್ಕದ ಮನೆಗೆ ಕೇಳಿಸಬಾರದು ಅಂತ, ಮೇಡಂ.”